ಅರೆಕಾ ಅಂದ್ರೆ ನಮ್ಮ ಅಡಿಕೆಯೇ

18 ಜನವರಿ 2026, ಭಾನುವಾರ
ಶಿರಸಿ

ಬೆಳಿಗ್ಗೆ ಅಂಗಳದಲ್ಲಿ ಚಾಲಿಗೆ, ಅಂದ್ರೆ ಸಿಪ್ಪೆ ಸಮೇತ ಒಣಗಲು, ಹರಡಿದ ಅಡಿಕೆಗೆ ಕೈಯಾಡಿಸುತ್ತಿದ್ದೆ. ಮಗಳು ಶಾಲೆಗೆ ಬರೆದ ಇಂಗ್ಲಿಷ್ ಪ್ರಬಂಧ ತಂದು ಓದಿದಳು. 'ನಮ್ಮದು ಬೀಟಲ್ ನಟ್ ತೋಟ' ಅಂತ ಶುರು.

"ಬೀಟಲ್ ಅಂದ್ರೆ ವೀಳ್ಯದೆಲೆ ಪುಟ್ಟಿ, ಅಡಿಕೆ ಅಲ್ಲ" ಅಂದೆ.

"ಎಲ್ರೂ ಹಾಗೇ ಬರೀತಾರಲ್ಲ ಅಪ್ಪ!"

ಹೌದು, ಬರೀತಾರೆ. ಆದರೂ ನನಗೆ ಇದು ಸಣ್ಣ ತಪ್ಪು ಅನ್ನಿಸುವುದಿಲ್ಲ. ಎಲೆ ಬಳ್ಳಿಯದ್ದು, ಮೆಣಸಿನ ಬಳ್ಳಿಯ ಹತ್ತಿರದ ನೆಂಟ. ಅಡಿಕೆ ಮರದ್ದು. ಕವಳಕ್ಕೆ, ಅಂದ್ರೆ ಎಲೆ-ಅಡಿಕೆ ಮೆಲ್ಲುವುದಕ್ಕೆ, ಎರಡೂ ಜೊತೆಗೇ ಬೇಕಲ್ವಾ, ಹಾಗಾಗಿ ಎಲೆಯ ಹೆಸರು ಅಡಿಕೆಗೂ ಅಂಟಿಕೊಂಡಿತು. ಬೀಟಲ್ ಬಂದದ್ದು ಮಲಯಾಳದ 'ವೆಟ್ಟಿಲ'ದಿಂದ.

ಅಡಿಕೆಗೆ ಇಂಗ್ಲಿಷಿನಲ್ಲಿ ಅದರದ್ದೇ ಹೆಸರಿದೆ: ಅರೆಕಾ. ಇದೂ ಮಲಯಾಳದ್ದೇ, 'ಅಡಯ್ಕ', ನಮ್ಮ ಅಡಿಕೆಯ ಒಡಹುಟ್ಟು. 16ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರ ಬಾಯಲ್ಲಿ ನಮ್ಮ 'ಡ' ಹೋಗಿ 'ರ' ಆಯಿತು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಅಡಿಕೆ, ಅಡಯ್ಕ, ಅರೆಕಾ ಅಂತ ಒಂದರ ಹಿಂದೊಂದು ಜೋರಾಗಿ ಹೇಳಿ ನೋಡಿ, ಕಿವಿಗೇ ಗೊತ್ತಾಗುತ್ತದೆ.

1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಗಿಡಗಳಿಗೆಲ್ಲ ಹೆಸರಿಡುವಾಗ ಇದೇ ಪದವನ್ನು ಅಡಿಕೆ ಮರಕ್ಕೆ ಇಟ್ಟ. ಈಗ ತಾಳೆ ಜಾತಿಯ ಇಡೀ ಕುಟುಂಬಕ್ಕೇ ಸಸ್ಯಶಾಸ್ತ್ರದಲ್ಲಿ 'ಅರೆಕೇಸಿ' ಅಂತ ಹೆಸರು. ತೆಂಗು, ಈಚಲು, ಬೈನೆ, ಅರಬ್ಬರ ಖರ್ಜೂರ, ಹೀಗೆ 2,500ಕ್ಕೂ ಜಾಸ್ತಿ ಬಗೆಯ ಮರಗಳು ನಮ್ಮ ಅಡಿಕೆಯ ಹೆಸರಿನ ಮನೆಯಲ್ಲಿವೆ! ಇದನ್ನು ಹೇಳಿದಾಗ ಮಗಳು ತೋಟದ ಕಡೆ ತಿರುಗಿ ನೋಡಿದಳು. ನನಗೆ ತುಂಬಾ ಖುಷಿಯಾಯಿತು.

ಒಂದು ಎಚ್ಚರಿಕೆ. ಪೇಟೆಯ ನರ್ಸರಿಗಳಲ್ಲಿ 'ಅರೆಕಾ ಪಾಮ್' ಅಂತ ಕುಂಡದಲ್ಲಿ ಮಾರುತ್ತಾರಲ್ಲ, ಅದು ಮಡಗಾಸ್ಕರ್ ಮೂಲದ ಬೇರೆಯೇ ಗಿಡ. ಅದರಲ್ಲಿ ಅಡಿಕೆ ಬಿಡುವುದಿಲ್ಲ. ನಮ್ಮ ಬೆಳೆಯ ಬಗ್ಗೆ ಬರೆಯುವಾಗ 'ಅರೆಕಾನಟ್' ಅಂದರೆ ಸರಿ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಮಂಗಳೂರಿನ ಕ್ಯಾಂಪ್ಕೊದ ಪೂರ್ತಿ ಹೆಸರಲ್ಲೂ ಇರುವುದು ಅದೇ ಪದ.

ಮಗಳು ಮೊದಲ ಸಾಲು ಹೊಡೆದು ಹಾಕಿ ಹೊಸದಾಗಿ ಬರೆದಳು. ಅರೆಕಾ ಪಕ್ಕದಲ್ಲಿ ಕನ್ನಡದಲ್ಲೇ 'ಅಡಿಕೆ' ಅಂತಲೂ ಬರೆದಿದ್ದಾಳೆ, ನಾನು ಹೇಳಿಕೊಟ್ಟದ್ದಲ್ಲ. ಅಷ್ಟೊತ್ತಿಗೆ ಬಿಸಿಲು ಏರಿತ್ತು, ಅರ್ಧ ಅಂಗಳ ಇನ್ನೂ ಬಾಕಿ ಇತ್ತು.