ಟೆನ್ಶನ್ ಇಳಿದ ಮೇಲೆ ಕುಡಿತ ಕಡಿಮೆ ಮಾಡ್ತೀನಿ ಅನ್ನುವವರಿಗೆ

ನಾನು ಕುಡಿತ ಕಡಿಮೆ ಮಾಡಿದ್ದು ಗೊತ್ತಿರುವವರೆಲ್ಲ ಒಂದಲ್ಲ ಒಂದು ಸಲ ಈ ಪ್ರಶ್ನೆ ಕೇಳುತ್ತಾರೆ. "ಕೆಲಸದ ಟೆನ್ಶನ್ ಇಷ್ಟಿರುವಾಗ ಅದು ಹೇಗೆ ಸಾಧ್ಯ? ಈ ಪ್ರಾಜೆಕ್ಟ್ ಒಂದು ಮುಗಿಯಲಿ, ಆಮೇಲೆ ನಾನೂ ಕಡಿಮೆ ಮಾಡ್ತೀನಿ. ಅದು ತಪ್ಪಾ?" ಕೇಳುವವರು ನೆಪ ಹೇಳುತ್ತಿದ್ದಾರೆ ಅಂತ ನನಗೆ ಅನಿಸುವುದಿಲ್ಲ. ಅವರು ನಿಜವಾಗಿಯೂ ದಣಿದಿರುತ್ತಾರೆ. ಹಾಗಾಗಿ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ಒಂದು ಮಾತು ಹೇಳಿ ಅವರನ್ನು ಸುಮ್ನೆ ಕಳಿಸಲು ನನಗೆ ಆಗುವುದಿಲ್ಲ.

ನನ್ನ ಉತ್ತರ ಇಷ್ಟೇ. ಟೆನ್ಶನ್ ಇಳಿಯಲಿ ಅಂತ ಕಾಯಬೇಡಿ. ನೀವು ಕೆಲಸದ್ದು ಅಂದುಕೊಂಡಿರುವ ಟೆನ್ಶನ್‌ನಲ್ಲಿ ಒಂದು ಪಾಲು ಕುಡಿತದ್ದೇ. ಅದು ಎಷ್ಟು ಅನ್ನುವುದು ಕುಡಿತ ಇಳಿದ ಮೇಲೆ ಮಾತ್ರ ಗೊತ್ತಾಗುತ್ತದೆ.

ಆದರೆ ಇದು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ? ಬೆವರು, ವಾಕರಿಕೆ ಇದೆಯೇ? ಒಂದು ಗುಟುಕು ಒಳಗೆ ಹೋದರೆ ಮಾತ್ರ ನಡುಕ ನಿಲ್ಲುತ್ತದೆಯೇ? ಹಾಗಿದ್ದರೆ ಕೆಳಗೆ ಬರೆದಿರುವುದನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ಡಾಕ್ಟರನ್ನು ಕಾಣಿ. ದೇಹ ಮದ್ಯಕ್ಕೆ ಅಷ್ಟು ಒಗ್ಗಿಹೋದ ಮೇಲೆ ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವ ಹೊತ್ತಿಗೆ ಕೆಲವರಿಗೆ ದಿಕ್ಕು ತಪ್ಪಿದ ಹಾಗಾಗುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ, ಜ್ವರ ಏರುತ್ತದೆ. ಡಾಕ್ಟರುಗಳು ಇದನ್ನು ಡೆಲಿರಿಯಮ್ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು, ಜೊತೆಗೆ ಬಿ1 ವಿಟಮಿನ್ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಇಲ್ಲಿ ಛಲ ತೋರಿಸಲು ಹೋಗಬೇಡಿ, ದಯವಿಟ್ಟು.

ಉಳಿದವರ ವಿಷಯಕ್ಕೆ ಬರುತ್ತೇನೆ.

ಕುಡಿದಾಗ ಹಗುರ ಅನಿಸುವುದು ಸುಳ್ಳಲ್ಲ. ಮಿದುಳಿನಲ್ಲಿ ನರಗಳನ್ನು ಶಾಂತ ಮಾಡುವ ಗಾಬಾ ಅನ್ನುವ ರಾಸಾಯನಿಕ ಇದೆ, ಅವುಗಳನ್ನು ಕೆರಳಿಸುವ ಗ್ಲುಟಮೇಟ್ ಇದೆ. ಮದ್ಯ ಮೊದಲನೆಯದರ ಪ್ರಭಾವ ಹೆಚ್ಚಿಸುತ್ತದೆ, ಎರಡನೆಯದನ್ನು ತಗ್ಗಿಸುತ್ತದೆ. ಅದಕ್ಕೇ ಬಿಗಿದ ಭುಜ ಸಡಿಲವಾಗುತ್ತದೆ. ಮಧ್ಯಾಹ್ನ ಮ್ಯಾನೇಜರ್ ಆಡಿದ ಮಾತು ಅಷ್ಟು ಚುಚ್ಚುವುದಿಲ್ಲ. ಆದರೆ ದಿನಾ ಹೀಗಾದರೆ ಮಿದುಳೂ ಸುಮ್ಮನಿರುವುದಿಲ್ಲ. ಅದು ಎದುರು ದಿಕ್ಕಿನಲ್ಲಿ ಹೊಂದಿಕೊಳ್ಳುತ್ತಾ ಹೋಗುತ್ತದೆ. ಮದ್ಯ ಇಳಿದ ಮೇಲೂ ಆ ಹೊಂದಾಣಿಕೆ ಉಳಿದಿರುತ್ತದೆ. ಆಗ ಬರುವುದೇ ಕಾರಣ ಗೊತ್ತಾಗದ ಆತಂಕ, ಸಿಡುಕು, ಎದೆ ಬಡಿತ. ಜಾಸ್ತಿ ಕುಡಿಯುವವರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೂಡ ಏರುತ್ತದೆ.

ಗಂಟೆ ಲೆಕ್ಕದಲ್ಲಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಲಿವರ್ ಒಂದು ಗಂಟೆಗೆ ಹೆಚ್ಚುಕಡಿಮೆ ಅಷ್ಟನ್ನೇ ಕರಗಿಸುತ್ತದೆ, ಎಷ್ಟೋ ಜನರಲ್ಲಿ ಅದಕ್ಕಿಂತ ಕಡಿಮೆ. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ ಆ ವೇಗ ಹೆಚ್ಚುವುದಿಲ್ಲ. ರಾತ್ರಿ ಹತ್ತಕ್ಕೆ ಶುರು ಮಾಡಿ 120 ಎಂಎಲ್ ಕುಡಿದವರ ದೇಹದಿಂದ ಅದು ಪೂರ್ತಿ ಇಳಿಯುವುದು ನಡುರಾತ್ರಿ ದಾಟಿ ಎರಡು ಗಂಟೆ, ಮೂರು ಗಂಟೆ ಹೊತ್ತಿಗೆ. ಮೊದಲರ್ಧ ರಾತ್ರಿ ನಿದ್ದೆ ಬೇಗ ಬರುತ್ತದೆ, ಗಾಢವಾಗಿಯೂ ಇರುತ್ತದೆ, ಆದರೆ ಕನಸು ಕಾಣುವ ನಿದ್ದೆಯನ್ನು ಮದ್ಯ ಅದುಮಿಡುತ್ತದೆ. ಇನ್ನರ್ಧ ರಾತ್ರಿ ನಿದ್ದೆ ಚೂರುಚೂರು. ಆ ಹೊತ್ತಿಗೆ ಎಚ್ಚರವಾಗುತ್ತದೆ, ಬಾಯಿ ಒಣಗಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ತಲೆಗೆ ಮೊದಲು ಬರುವುದು ಏನು? ನಾಳೆಯ ಮೀಟಿಂಗ್, ಉತ್ತರ ಕೊಡದ ಆ ಮೇಲ್, ಬಾಕಿ ಉಳಿದ ಕೆಲಸ. ಹೆದರಿಕೆ ಹುಟ್ಟಿದ್ದು ದೇಹದಲ್ಲಿ. ನಾವು ಅದಕ್ಕೆ ಆಫೀಸಿನ ಹೆಸರು ಕೊಡುತ್ತೇವೆ.

ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಅರ್ಧ ನಿದ್ದೆಯಲ್ಲಿ ಎದ್ದ ಮನುಷ್ಯನಿಗೆ ಮಾರನೇ ದಿನ ಸಣ್ಣ ಕೆಲಸವೂ ಭಾರ. ಗಮನ ನಿಲ್ಲುವುದಿಲ್ಲ, ಒಂದು ಗಂಟೆಯ ಕೆಲಸ ಎರಡು ಗಂಟೆ ಹಿಡಿಯುತ್ತದೆ, ಬೈಗುಳ ಬೀಳುತ್ತದೆ, ಸಂಜೆಗೆ ಮತ್ತೆ ಕುಡಿಯಬೇಕು ಅನಿಸುತ್ತದೆ. "ಟೆನ್ಶನ್ ಇರುವುದರಿಂದ ಕುಡಿಯುತ್ತೇನೆ" ಅನ್ನುವ ಮಾತು ನಿಜ. "ಕುಡಿಯುವುದರಿಂದ ಟೆನ್ಶನ್ ಇದೆ" ಅನ್ನುವುದೂ ಅಷ್ಟೇ ನಿಜ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಇವತ್ತು ಸಂಜೆ ಏನು ಮಾಡುತ್ತೇವೆ ಅನ್ನುವುದು ಸ್ವಲ್ಪ ಮಟ್ಟಿಗಾದರೂ ನಮ್ಮ ಕೈಯಲ್ಲಿದೆ.

ಸಂಜೆ ಅಂದೆ. ನನ್ನ ಮಟ್ಟಿಗೆ ಇಡೀ ವಿಷಯ ನಿಂತಿರುವುದು ಕೆಲಸ ಮುಗಿದ ಮೇಲಿನ ಮೊದಲ ಒಂದು ಗಂಟೆಯ ಮೇಲೆ. ಬಹಳ ಜನರಿಗೆ ಮೊದಲ ಪೆಗ್ ಅಂದರೆ ರುಚಿಯಲ್ಲ, ಅಮಲೂ ಅಲ್ಲ. "ಇವತ್ತಿನ ಕೆಲಸ ಮುಗಿಯಿತು" ಅಂತ ದೇಹಕ್ಕೆ ಹೇಳುವ ಸೂಚನೆ ಅದು. ಅದನ್ನು ತೆಗೆದು ಆ ಜಾಗ ಖಾಲಿ ಬಿಟ್ಟರೆ ಕೆಲಸ ಮುಗಿಯುವುದೇ ಇಲ್ಲ, ಮನೆಯ ತುಂಬಾ ಹರಡಿಕೊಳ್ಳುತ್ತದೆ. ಆ ಖಾಲಿಯಲ್ಲಿ ಕೂತು ಹಲ್ಲು ಕಚ್ಚಿ ತಡೆದುಕೊಂಡವರು ಹೆಚ್ಚು ದಿನ ತಡೆದುಕೊಂಡಿದ್ದನ್ನು ನಾನು ನೋಡಿಲ್ಲ. ಅಲ್ಲಿ ಬೇರೆ ಏನಾದರೂ ಬರಲೇಬೇಕು.

ನನಗೆ ಕೆಲಸ ಮಾಡಿದ್ದನ್ನು ಹೇಳುತ್ತೇನೆ. ಲ್ಯಾಪ್‌ಟಾಪ್ ಮುಚ್ಚುವ ಮೊದಲು ನಾಳೆ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಕಾಗದದಲ್ಲಿ ಬರೆದಿಡುತ್ತೇನೆ. ಬರೆದ ಮೇಲೆ ತಲೆ ಅದನ್ನು ಮತ್ತೆ ಮತ್ತೆ ಎತ್ತುವುದು ಕಡಿಮೆಯಾಗುತ್ತದೆ. ಮನೆಗೆ ಬಂದ ತಕ್ಷಣ ಏನಾದರೂ ತಿನ್ನುತ್ತೇನೆ. ಇದು ಬಹಳ ಮುಖ್ಯ, ಯಾಕೆಂದರೆ ಸಂಜೆ ಆರರಿಂದ ಎಂಟರ ನಡುವೆ ಕುಡಿಯುವ ಆಸೆ ಅಂತ ಕಾಣುವುದು ಎಷ್ಟೋ ಸಲ ಬರೀ ಹಸಿವು. ಕುಡಿತ ಬಿಟ್ಟವರ ಗುಂಪುಗಳಲ್ಲಿ ಹೇಳುವ ಒಂದು ಮಾತಿದೆ: ಆಸೆ ಬಂದಾಗ ಮೊದಲು ನಾಲ್ಕನ್ನು ನೋಡಿಕೋ, ಹಸಿವು, ಸಿಟ್ಟು, ಒಂಟಿತನ, ದಣಿವು. ನಾಲ್ಕರಲ್ಲಿ ಯಾವುದು ಅಂತ ಗೊತ್ತಾದರೆ ಅದಕ್ಕೆ ಬೇಕಾದದ್ದನ್ನು ಕೊಡಬಹುದು. ಸಿಟ್ಟಾದರೆ ನಡೆಯಬೇಕು, ಬೆವರು ಬರುವ ಹಾಗೆ. ಒಂಟಿತನವಾದರೆ ಯಾರಿಗಾದರೂ ಫೋನ್ ಮಾಡಬೇಕು. ದಣಿವಾದರೆ ಬೇಗ ಮಲಗಬೇಕು, ಅಷ್ಟೇ.

ಆಸೆ ಜೋರಾಗಿ ಬಂದಾಗ? ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನು ಅಲೆಗೆ ಹೋಲಿಸಿ ಕಲಿಸುತ್ತಿದ್ದರು. ಅಲೆಯ ಎದುರು ನಿಂತು ಕಾದಾಡಬೇಡಿ, ಅದಕ್ಕೆ ಸೋಲಲೂ ಬೇಡಿ, ಏರಿ ಇಳಿಯುವುದನ್ನು ನೋಡುತ್ತಾ ಅದರ ಮೇಲೆ ತೇಲಿ. ಆಸೆ ಮೈಯಲ್ಲಿ ಎಲ್ಲಿ ಗೊತ್ತಾಗುತ್ತಿದೆ, ಗಂಟಲಲ್ಲೋ, ಹೊಟ್ಟೆಯಲ್ಲೋ, ಕೈಯಲ್ಲೋ ಅಂತ ಗಮನಿಸಿ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದು ಇಳಿಯುತ್ತದೆ. ಈಗ ಬಂದಿರುವುದು ಹೀಗೇ ಇಡೀ ರಾತ್ರಿ ಇರುತ್ತದೆ ಅನ್ನುವ ಭಯದಿಂದಲೇ ನಾವು ಬಾಟಲಿ ತೆರೆಯುವುದು. ಅದು ಹಾಗೆ ಇರುವುದಿಲ್ಲ. ಮನೆಯಲ್ಲಿ ಬಾಟಲಿ ಇಲ್ಲದಿದ್ದರೆ ಈ ಅರ್ಧ ಗಂಟೆ ದಾಟುವುದು ಎಷ್ಟೋ ಸುಲಭ. ಸ್ಟಾಕ್ ಇಡಬೇಡಿ.

ಇನ್ನು ಅಳತೆ. ಎಷ್ಟು ಕುಡಿಯುತ್ತೀರಿ ಅಂತ ಕೇಳಿದರೆ ಹೆಚ್ಚಿನವರು ಗ್ಲಾಸ್ ಲೆಕ್ಕ ಹೇಳುತ್ತಾರೆ. ಗ್ಲಾಸಿಗೆ ಎಷ್ಟು ಸುರಿದಿರಿ ಅನ್ನುವುದು ಅದರಲ್ಲಿ ಬರುವುದಿಲ್ಲ. "ನಾನು ಬಿಯರ್ ಮಾತ್ರ" ಅನ್ನುವವರಿಗೂ ಒಂದು ಮಾತು: 500 ಎಂಎಲ್‌ನ 5 ಪರ್ಸೆಂಟ್ ಬಿಯರ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ, 8 ಪರ್ಸೆಂಟ್ ಸ್ಟ್ರಾಂಗ್ ಬಿಯರ್ ಆದರೆ 30 ದಾಟುತ್ತದೆ. ಅಂದರೆ ಒಂದು ಕ್ಯಾನ್ ಸ್ಟ್ರಾಂಗ್ ಬಿಯರ್ 90 ಎಂಎಲ್ ವಿಸ್ಕಿಗೆ ಸಮ. ಅಳೆದು ಸುರಿಯಿರಿ, ಕುಡಿಯುವ ಮೊದಲೇ ಬರೆದಿಡಿ. ಕುಡಿದ ಮೇಲಿನ ಲೆಕ್ಕ ನಂಬುವಂಥದ್ದಲ್ಲ. ವಾರದಲ್ಲಿ ಕುಡಿಯದ ದಿನಗಳನ್ನು ಮೊದಲೇ ಗೊತ್ತು ಮಾಡಿ, ಆದಷ್ಟು ಅವು ಕೆಲಸದ ದಿನಗಳೇ ಆಗಿರಲಿ. ರಜಾದಿನ ಸುಮ್ಮನಿದ್ದು ಕೆಲಸದ ದಿನ ಕುಡಿದರೆ ನಾನು ಮೇಲೆ ಹೇಳಿದ ಸುತ್ತು ಹಾಗೇ ಉಳಿಯುತ್ತದೆ.

ಆಫೀಸ್ ಪಾರ್ಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೈಯಲ್ಲಿ ಒಂದು ಸೋಡಾ ಗ್ಲಾಸ್ ಇರಲಿ, "ಇವತ್ತು ಬೇಡ" ಅನ್ನುವುದು ಸಾಕು, ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ವಾದ ಶುರುವಾಗುತ್ತದೆ.

ಕುಡಿತ ಇಳಿಸಿದ ಮೊದಲ ಕೆಲವು ರಾತ್ರಿ ನಿದ್ದೆ ಇನ್ನೂ ಕೆಡಬಹುದು. ವಿಚಿತ್ರ ಕನಸುಗಳು ಬರುತ್ತವೆ. ಇಲ್ಲೇ ಬಹಳ ಜನ "ನೋಡಿ, ಕುಡಿಯದಿದ್ದರೆ ನನಗೆ ನಿದ್ದೆಯೇ ಬರಲ್ಲ" ಅಂತ ವಾಪಸ್ ಹೋಗುತ್ತಾರೆ. ಸ್ವಲ್ಪ ತಾಳಿ. ಅದುಮಿಟ್ಟಿದ್ದ ಕನಸಿನ ನಿದ್ದೆ ಮರಳುತ್ತಿರುವ ಹೊತ್ತು ಅದು. ಇದನ್ನು ದಾಟಲು ಡಾಕ್ಟರ್ ಹೇಳದೆ ನಿದ್ದೆ ಮಾತ್ರೆಗೆ ಕೈ ಹಾಕಬೇಡಿ. ಮದ್ಯ ಮತ್ತು ನಿದ್ದೆ ಮಾತ್ರೆ ಎರಡೂ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಕೆಲವು ವಾರ ಕಳೆದ ಮೇಲೆ ಕೆಲಸವನ್ನು ಮತ್ತೊಮ್ಮೆ ನೋಡಿ. ಈಗ ಉಳಿದಿರುವ ಟೆನ್ಶನ್ ಅಸಲಿ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು ಒಂದು ವಿಷಯ ಮುಂದಿಟ್ಟರು: ಮನುಷ್ಯನನ್ನು ಹಿಂಡುವುದು ಕೆಲಸದ ಭಾರ ಒಂದೇ ಅಲ್ಲ, ಭಾರ ಜಾಸ್ತಿ ಇದ್ದು ಅದರ ಮೇಲೆ ತನ್ನ ಹಿಡಿತ ಕಡಿಮೆ ಇರುವುದು. ನನಗೆ ಇದು ತುಂಬಾ ಉಪಯೋಗಕ್ಕೆ ಬಂದ ಮಾತು. ಕೆಲಸದ ಭಾರ ತಗ್ಗಿಸಲು ನಮ್ಮಿಂದ ಆಗದಿರಬಹುದು, ಹಿಡಿತವನ್ನು ಒಂದಿಷ್ಟು ಹೆಚ್ಚಿಸಿಕೊಳ್ಳಬಹುದು. ಇಂಥ ಗಂಟೆಯ ನಂತರ ಮೇಲ್ ನೋಡುವುದಿಲ್ಲ ಅಂತ ತಂಡಕ್ಕೆ ಹೇಳಿಬಿಡುವುದು. ಹೊಸ ಕೆಲಸ ತಂದಾಗ "ಮಾಡ್ತೀನಿ, ಆದರೆ ಇದಕ್ಕಾಗಿ ಯಾವುದನ್ನು ಮುಂದೆ ಹಾಕಲಿ?" ಅಂತ ಮ್ಯಾನೇಜರ್ ಅವರನ್ನೇ ಕೇಳುವುದು. ಬೆಳಿಗ್ಗೆ ತಲೆ ತಿಳಿಯಾಗಿದ್ದಾಗ ಈ ಮಾತು ಆಡಲು ಆಗುತ್ತದೆ. ರಾತ್ರಿ ಕುಡಿದು ಬೆಳಿಗ್ಗೆ ತಲೆ ಹಿಡಿದುಕೊಂಡು ಕೂತವರಿಗೆ ಆಗುವುದಿಲ್ಲ. ಇಷ್ಟಾದ ಮೇಲೂ ಆ ಕೆಲಸ ತಡೆಯಲಾಗದಷ್ಟು ಕೆಟ್ಟದ್ದು ಅನಿಸಿದರೆ, ಬೇರೆ ಕೆಲಸ ಹುಡುಕುವ ತೀರ್ಮಾನವನ್ನೂ ಆ ತಿಳಿ ತಲೆಯಿಂದಲೇ ಮಾಡಬಹುದು.

"ಪೂರ್ತಿ ಬಿಡಬೇಕಾ, ಕಡಿಮೆ ಮಾಡಿದರೆ ಸಾಕಾ?" ಅಂತ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. ಆರೋಗ್ಯಕ್ಕೆ ಸುರಕ್ಷಿತ ಅನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿದೆ. ಹಾಗಂತ ಕಡಿಮೆ ಮಾಡಿದ್ದು ವ್ಯರ್ಥವಲ್ಲ, ಕಡಿಮೆಯಾದಷ್ಟೂ ಒಳ್ಳೆಯದೇ. ಒಂದು ಪೆಗ್‌ಗೆ ನಿಲ್ಲಿಸುತ್ತೇನೆ ಅಂತ ಕೂತು ಪ್ರತಿ ಸಲ ಐದಕ್ಕೆ ಏಳುವವರಿಗೆ ಮಾತ್ರ ಪೂರ್ತಿ ಬಿಡುವುದೇ ಸುಲಭ ಅಂತ ನನ್ನ ಅನಿಸಿಕೆ. ದಿನಾ ಲೆಕ್ಕ ಹಾಕುವ ಹಿಂಸೆ ತಪ್ಪುತ್ತದೆ. ಇನ್ನು, ಗೊತ್ತು ಮಾಡಿದ್ದಕ್ಕಿಂತ ಒಂದು ದಿನ ಜಾಸ್ತಿಯಾಗಿಬಿಟ್ಟರೆ, ಆ ಒಂದು ದಿನಕ್ಕಿಂತ ಅಪಾಯ "ಹೇಗೂ ಆಯ್ತಲ್ಲ, ಇನ್ನೇನು" ಅನ್ನುವ ಮಾತು. ಆ ಮಾತಿನಿಂದ ಒಂದು ರಾತ್ರಿ ಒಂದು ತಿಂಗಳಾಗುತ್ತದೆ.

ನಿಮ್ಮದು ಎಷ್ಟು ಗಂಭೀರ ಅಂತ ತಿಳಿಯಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ 10 ಪ್ರಶ್ನೆಗಳ ಪಟ್ಟಿ ಇದೆ. 40ಕ್ಕೆ 8 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದರೆ ಡಾಕ್ಟರ್ ಹತ್ತಿರ ಮಾತಾಡುವುದು ಒಳ್ಳೆಯದು. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳಿವೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಮನೆಯವರಿಗೂ ಒಂದು ಕಳಕಳಿಯ ಮಾತು: ಕುಡಿದರೆ ವಾಂತಿ ತರಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಕುಡಿಯುವವರಿಗೆ ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಬೇಡಿ. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಡಾಕ್ಟರ್ ಮುಂದೆ ಕೂತಾಗ "ಅಪರೂಪಕ್ಕೆ, ಸ್ವಲ್ಪ" ಅನ್ನಬೇಡಿ. ಎಷ್ಟು ಎಂಎಲ್, ವಾರಕ್ಕೆ ಎಷ್ಟು ದಿನ, ಕೊನೆಯ ಸಲ ಯಾವಾಗ, ಬೆಳಿಗ್ಗೆ ಕೈ ನಡುಗುತ್ತದೆಯೋ ಇಲ್ಲವೋ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಇಷ್ಟನ್ನೂ ಇದ್ದದ್ದು ಇದ್ದ ಹಾಗೆ ಹೇಳಿ. ಅವರು ಕೊಡುವ ಔಷಧಿ ನಿರ್ಧಾರವಾಗುವುದು ಅದರ ಮೇಲೆ.