ಖಾಲಿ ತಟ್ಟೆಯ ಪಕ್ಕದಲ್ಲಿ ಕೆವಿನ್

ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿ ಡಿಸೆಂಬರ್ 24ರಂದು ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಅಷ್ಟು ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಟ್ರಾಮುಗಳಲ್ಲಿ ಜನ ವಿರಳವಾಗಿರುತ್ತಾರೆ, ಮಕ್ಕಳು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಮೊದಲ ನಕ್ಷತ್ರಕ್ಕಾಗಿ ಕಾಯುತ್ತಿರುತ್ತಾರೆ. ಅದು ಕಾಣಿಸಿದ ಮೇಲೆಯೇ ‘ವಿಗಿಲಿಯಾ’ ಎಂಬ ಹಬ್ಬದೂಟಕ್ಕೆ ಕೂರುವುದು ಇಲ್ಲಿಯ ಪದ್ಧತಿ. ರಾತ್ರಿ ಎಂಟರ ಸುಮಾರಿಗೆ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿದರೆ ಒಂದೊಂದು ಅಂತಸ್ತಿನ ಬಾಗಿಲ ಹಿಂದಿನಿಂದಲೂ ಅದೇ ಸಂಗೀತ, ಇಬ್ಬರು ಕಳ್ಳರ ಅದೇ ಚೀರಾಟ, ಅದರ ಮೇಲೆ ಒಬ್ಬನೇ ಗಂಡಸಿನ ಶಾಂತವಾದ ದನಿ ಕೇಳಿಸುತ್ತದೆ. ಪೋಲ್ಸಾತ್ ವಾಹಿನಿಯಲ್ಲಿ ‘ಹೋಮ್ ಅಲೋನ್’ ಶುರುವಾಗಿದೆ ಎಂದು ಅರ್ಥ.

ಇಲ್ಲಿ ಆ ಚಿತ್ರದ ಹೆಸರು ‘ಕೆವಿನ್ ಸಾಮ್ ವ್ ದೋಮು’, ಅಂದರೆ ಮನೆಯಲ್ಲಿ ಒಂಟಿಯಾದ ಕೆವಿನ್. 1990ರ ನವೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ಈ ಚಿತ್ರವನ್ನು ಬರೆದವರು ಜಾನ್ ಹ್ಯೂಸ್, ನಿರ್ದೇಶಿಸಿದವರು ಕ್ರಿಸ್ ಕೊಲಂಬಸ್. ಕ್ರಿಸ್‌ಮಸ್‌ಗೆಂದು ಪ್ಯಾರಿಸ್ಸಿಗೆ ಹೊರಟ ದೊಡ್ಡ ಕುಟುಂಬವೊಂದು ಗಡಿಬಿಡಿಯಲ್ಲಿ ಎಂಟು ವರ್ಷದ ಮಗನನ್ನು ಷಿಕಾಗೋ ಹತ್ತಿರದ ಮನೆಯಲ್ಲೇ ಮರೆತು ಹೋಗುತ್ತದೆ, ಆ ಹುಡುಗ ಇಬ್ಬರು ಕಳ್ಳರನ್ನು ಬಣ್ಣದ ಡಬ್ಬಿ, ಇಸ್ತ್ರಿಪೆಟ್ಟಿಗೆ, ಕಾದ ಬಾಗಿಲಹಿಡಿ, ನೀರು ಹೊಯ್ದು ಹಿಮಗಟ್ಟಿಸಿದ ಮೆಟ್ಟಿಲುಗಳಿಂದಲೇ ಎದುರಿಸುತ್ತಾನೆ. ಇಷ್ಟು ನಮ್ಮಲ್ಲೂ ಬಹಳ ಜನರಿಗೆ ಗೊತ್ತು. ಆದರೆ ಪೋಲೆಂಡಿನಲ್ಲಿ ಅದು ಹಬ್ಬದ ಆಚರಣೆಯಲ್ಲೇ ಒಂದಾಗಿಬಿಟ್ಟಿದೆ. 2010ರಲ್ಲಿ ಆ ವರ್ಷ ಕೆವಿನ್ ಇರುವುದಿಲ್ಲವೆಂಬ ಸುದ್ದಿ ಹರಡಿದಾಗ ಸಾವಿರಾರು ವೀಕ್ಷಕರು ಫೇಸ್‌ಬುಕ್ಕಿನಲ್ಲಿ ಪ್ರತಿಭಟಿಸಿದರು, ವಾಹಿನಿ ಚಿತ್ರವನ್ನು ಮರಳಿ ಪಟ್ಟಿಗೆ ಸೇರಿಸಿತು. ಕೆವಿನ್ ಇಲ್ಲದ ಹಬ್ಬ ಹಬ್ಬವೇ ಅಲ್ಲ ಎಂದು ಇಲ್ಲಿಯ ಜನ ಹೇಳುವಾಗ ಅದರಲ್ಲಿ ಅರ್ಧ ನಗುವಿದ್ದರೆ ಇನ್ನರ್ಧ ನಿಜವೇ ಇರುತ್ತದೆ.

ನಾನು ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಇದೊಂದೂ ತಿಳಿದಿರಲಿಲ್ಲ. ಸಹೋದ್ಯೋಗಿಗಳೆಲ್ಲ ತಮ್ಮ ತಮ್ಮ ಊರುಗಳಿಗೆ ಹೋಗಿದ್ದರು, ಅನ್ನ ಸಾರು ಮಾಡಿಕೊಂಡು ಬೇಗ ಮಲಗುವುದೆಂದು ನಿಶ್ಚಯಿಸಿದ್ದೆ. ಐದು ಗಂಟೆಗೆ ಎದುರು ಮನೆಯ ಹಿರಿಯ ಮಹಿಳೆ ಬಾಗಿಲು ತಟ್ಟಿ, ನನಗೆ ಆಗ ಅರ್ಥವಾಗುತ್ತಿದ್ದ ನಾಲ್ಕಾರು ಪೋಲಿಷ್ ಮಾತುಗಳಲ್ಲಿ, ತಟ್ಟೆ ಇಟ್ಟಾಗಿದೆ ಬಾ ಎಂದು ಕರೆದರು. ವಿಗಿಲಿಯಾ ಊಟಕ್ಕೆ ಕೂರುವವರಿಗಿಂತ ಒಂದು ತಟ್ಟೆ ಹೆಚ್ಚಾಗಿ ಇಡಬೇಕು, ಅದು ಹೇಳದೆ ಕೇಳದೆ ಬರುವ ಅತಿಥಿಯದು, ಆ ರಾತ್ರಿ ಯಾರೂ ಒಂಟಿಯಾಗಿ ಉಣ್ಣಬಾರದು ಎನ್ನುವ ಸಂಪ್ರದಾಯ ಪೋಲೆಂಡಿನಲ್ಲಿ ಇಂದಿಗೂ ಮನೆಮನೆಗಳಲ್ಲಿ ಉಳಿದಿದೆ ಎಂಬುದು ನನಗೆ ತಿಳಿದದ್ದು ಆ ತಟ್ಟೆಯ ಮುಂದೆ ಕೂತ ಮೇಲೆ. ಮೇಜಿನ ಬಟ್ಟೆಯ ಕೆಳಗೆ ಒಂದು ಹಿಡಿ ಒಣಹುಲ್ಲು ಹರಡಿತ್ತು. ಊಟಕ್ಕೆ ಮೊದಲು ‘ಒಪ್ವಾತೆಕ್’ ಎಂಬ ಕಾಗದದಷ್ಟು ತೆಳುವಾದ ಬಿಳಿಯ ಹಪ್ಪಳದಂಥದನ್ನು ಒಬ್ಬರು ಇನ್ನೊಬ್ಬರ ಕೈಯಿಂದ ಮುರಿದುಕೊಂಡು ಹಾರೈಸಿಕೊಂಡರು. ಆ ರಾತ್ರಿ ಮಾಂಸ ನಿಷಿದ್ಧವಾದ್ದರಿಂದ ಹನ್ನೆರಡು ಬಗೆಗಳಲ್ಲಿ ಮೀನನ್ನು ಬಿಟ್ಟರೆ ಉಳಿದ ಬಹುಪಾಲು ನನಗೂ ಸಲ್ಲುವಂತಿತ್ತು: ಅಣಬೆಯ ಪುಟ್ಟ ಕಡುಬುಗಳು ತೇಲುವ ಕೆಂಪು ಬೀಟ್‌ರೂಟ್ ಸಾರು, ಎಲೆಕೋಸಿನ ಪಿಯೆರೊಗಿ, ಗಸಗಸೆಯ ಸುರುಳಿ ಕೇಕು, ಒಣಹಣ್ಣು ಬೇಯಿಸಿದ ಪಾನಕ. ಗಸಗಸೆಯ ಪರಿಮಳ ಮೂಗಿಗೆ ಬಡಿದಾಗ ನನ್ನ ಕಣ್ಣು ತುಂಬಿತು, ಹಾಸನದ ನಮ್ಮ ಮನೆಯಲ್ಲಿ ಹಬ್ಬವೆಂದರೆ ಗಸಗಸೆ ಪಾಯಸವೇ.

ಊಟ ಮುಗಿದ ಮೇಲೆ ಟಿ.ವಿ. ಹಾಕಿದರು. ಆಗ ನನ್ನನ್ನು ಅಚ್ಚರಿಗೊಳಿಸಿದ್ದು ಆ ಒಂಟಿ ದನಿ. ಪೋಲೆಂಡಿನ ದೂರದರ್ಶನದಲ್ಲಿ ಪರಭಾಷೆಯ ಚಿತ್ರಗಳಿಗೆ ಪಾತ್ರಕ್ಕೊಬ್ಬರಂತೆ ದನಿ ಕೊಡಿಸುವುದು ಹೆಚ್ಚಾಗಿ ಮಕ್ಕಳ ಚಿತ್ರಗಳಿಗೆ ಮಾತ್ರ. ಉಳಿದವುಗಳಿಗೆ ‘ಲೆಕ್ಟರ್’ ಎನ್ನುವ ಒಬ್ಬ ವಾಚಕನಿರುತ್ತಾನೆ. ಮೂಲ ಇಂಗ್ಲಿಷ್ ಹಿಂದೆ ಮೆಲ್ಲಗೆ ಕೇಳುತ್ತಲೇ ಇರುತ್ತದೆ, ಅದರ ಮೇಲೆ ಅವನು ತಾಯಿಯ ಮಾತು, ಮಗುವಿನ ಮಾತು, ಕಳ್ಳನ ಬೈಗುಳ ಎಲ್ಲವನ್ನೂ ಒಂದೇ ಸಮಸ್ವರದಲ್ಲಿ ಓದುತ್ತಾ ಹೋಗುತ್ತಾನೆ. ಮೊದಲ ಹತ್ತು ನಿಮಿಷ ಇದು ಕಿವಿಗೆ ಒಗ್ಗಲಿಲ್ಲ. ಆಮೇಲೆ ನನಗೆ ಊರಿನ ಹರಿಕಥೆ ನೆನಪಾಯಿತು. ದಾಸರೊಬ್ಬರೇ ದ್ರೌಪದಿಯೂ ಆಗಿ ದುಶ್ಶಾಸನನೂ ಆಗಿ ಮಾತಾಡುವಾಗ ನಾವು ಯಾರೂ ಗೊಂದಲಗೊಳ್ಳುವುದಿಲ್ಲವಲ್ಲ. ದಾಸರು ದನಿ ಬದಲಿಸುತ್ತಾರೆ, ಇವನು ಬದಲಿಸುವುದಿಲ್ಲ ಎಂಬುದೊಂದೇ ವ್ಯತ್ಯಾಸ, ಮತ್ತು ಆ ಬದಲಾಗದ ದನಿಯಿಂದಲೇ ನಗು ಇಮ್ಮಡಿಯಾಗುತ್ತದೆ: ಪರದೆಯ ಮೇಲೆ ಕಳ್ಳನ ತಲೆಗೂದಲು ಹೊತ್ತಿ ಉರಿಯುತ್ತಿದ್ದರೂ ವಾಚಕ ಮಾತ್ರ ಹವಾಮಾನ ವರದಿ ಓದುವವನಷ್ಟೇ ಸಮಾಧಾನವಾಗಿರುತ್ತಾನೆ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ನಿಲುವು ದಶಕಗಳ ಕಾಲ ನಡೆದುಬಂದ ನಾಡಿನಿಂದ ಬಂದ ನನಗೆ, ಮೂಲದ ದನಿಯನ್ನೂ ಅಳಿಸದೆ ತನ್ನ ಭಾಷೆಯನ್ನೂ ಬಿಡದೆ ನೋಡುವ ಈ ನಡುದಾರಿ ಬಹಳ ಇಷ್ಟವಾಯಿತು. ನನ್ನ ಪೋಲಿಷ್ ಬೆಳೆದದ್ದರಲ್ಲಿ ಆ ವಾಚಕನ ಪಾಲು ದೊಡ್ಡದು, ಏಕೆಂದರೆ ಅವನು ಸ್ಪಷ್ಟವಾಗಿ, ನಿಧಾನವಾಗಿ, ಯಾರ ಮಾತನ್ನೂ ನುಂಗದೆ ಓದುತ್ತಾನೆ.

ಅಮೆರಿಕದ ಈ ಚಿತ್ರ ಪೋಲೆಂಡಿನ ಹಬ್ಬಕ್ಕೆ ಹೇಗೆ ಅಂಟಿಕೊಂಡಿತು ಎಂದು ನಾನು ಹಲವರನ್ನು ಕೇಳಿದ್ದೇನೆ. ಕಮ್ಯುನಿಸ್ಟ್ ಆಡಳಿತ 1989ರಲ್ಲಿ ಕೊನೆಗೊಂಡ ಬೆನ್ನಿಗೇ ಬಂದ ಚಿತ್ರವಿದು, ಆ ದೊಡ್ಡ ಮನೆ, ತುಂಬಿದ ಅಂಗಡಿಗಳು, ದೀಪಗಳ ಸಾಲು ಆಗ ನಮಗೆಲ್ಲ ಕನಸಿನಂತೆ ಕಾಣುತ್ತಿದ್ದವು ಎಂದು ನನ್ನ ವಯಸ್ಸಿನ ಗೆಳೆಯರು ಹೇಳುತ್ತಾರೆ. ಅದು ನಿಜವಿರಬಹುದು, ಆದರೆ ನನಗೆ ಅದಕ್ಕಿಂತ ಹತ್ತಿರದ ಕಾರಣವೊಂದು ಕಾಣುತ್ತದೆ. ಕೆವಿನ್‌ನ ಕಥೆ ಹಬ್ಬದ ದಿನ ಒಂಟಿಯಾದವರದು. ಪಕ್ಕದ ಮನೆಯ ಮುದುಕ ಮಾರ್ಲಿಯನ್ನು ಕಂಡು ಹುಡುಗ ಹೆದರಿ ಓಡುತ್ತಾನೆ, ಕೊನೆಗೆ ಚರ್ಚಿನ ಬೆಂಚಿನಲ್ಲಿ ಇಬ್ಬರೂ ಕೂತು ಮಾತಾಡುವಾಗ ಆ ಮುದುಕ ಮಗನೊಡನೆ ಮುನಿಸಿಕೊಂಡು ವರ್ಷಗಳಾಗಿವೆ, ಮೊಮ್ಮಗಳ ಹಾಡು ಕೇಳಲು ಕದ್ದು ಬಂದಿದ್ದಾನೆ ಎಂದು ತಿಳಿಯುತ್ತದೆ. ವಿಮಾನ ಸಿಗದೆ ಪರದಾಡುವ ತಾಯಿಯನ್ನು ಕೊನೆಗೆ ತಮ್ಮ ಗಾಡಿಯಲ್ಲಿ ಮನೆಗೆ ಮುಟ್ಟಿಸುವವರು ಒಂದು ಪೋಲ್ಕಾ ವಾದ್ಯತಂಡದವರು, ಅವರ ನಾಯಕನ ಹೆಸರು ಗಸ್ ಪೊಲಿನ್ಸ್ಕಿ. ಜಾನ್ ಕ್ಯಾಂಡಿ ಆಡಿದ ಆ ಪಾತ್ರ ಬಂದಾಗಲೆಲ್ಲ ನಮ್ಮ ಮೇಜಿನ ಸುತ್ತ ಒಂದು ಹರ್ಷದ ಉದ್ಗಾರ ಏಳುತ್ತದೆ, ಏಕೆಂದರೆ ಅದು ಪೋಲಿಷ್ ಮನೆತನದ ಹೆಸರು, ಮತ್ತು ಷಿಕಾಗೋದಲ್ಲಿ ಚಿಕ್ಕಪ್ಪನೋ ದೊಡ್ಡಮ್ಮನೋ ಇರುವ ಕುಟುಂಬಗಳು ಪೋಲೆಂಡಿನಲ್ಲಿ ಬಹಳ. ಪರಿಚಯವೇ ಇಲ್ಲದ ಹೆಂಗಸನ್ನು ಹಬ್ಬದ ರಾತ್ರಿ ಗಾಡಿಗೆ ಹತ್ತಿಸಿಕೊಳ್ಳುವುದೂ ಬಾಗಿಲು ತಟ್ಟಿ ತಟ್ಟೆ ಇಟ್ಟಿದೆ ಎನ್ನುವುದೂ ನನಗೆ ಒಂದೇ ಕೆಲಸವಾಗಿ ಕಾಣುತ್ತದೆ.

ಹಬ್ಬದ ದಿನಗಳಲ್ಲಿ ಇಲ್ಲಿಯವರದೇ ನಗೆಚಿತ್ರಗಳೂ ಬರುತ್ತವೆ. ಅವುಗಳಲ್ಲಿ ನನ್ನ ಮನಸ್ಸು ಗೆದ್ದದ್ದು 1967ರ ‘ಸಾಮಿ ಸ್ವೊಯಿ’. ಎಲ್ಲರೂ ನಮ್ಮವರೇ ಎಂದು ಅದನ್ನು ಕನ್ನಡಿಸಬಹುದು. ಸಿಲ್ವೆಸ್ಟರ್ ಹೆಂಚಿನ್ಸ್ಕಿ ನಿರ್ದೇಶಿಸಿದ ಈ ಕಪ್ಪುಬಿಳುಪು ಚಿತ್ರ ಕ್ರಿಸ್‌ಮಸ್ಸಿನ ಕಥೆಯಲ್ಲ, ಆದರೂ ಮನೆ ತುಂಬಿದಾಗ ನೋಡಬೇಕಾದದ್ದು. ಎರಡನೆಯ ಮಹಾಯುದ್ಧದ ನಂತರ ಗಡಿಗಳು ಸರಿದಾಗ ಪೂರ್ವದ ಊರುಗಳನ್ನು ಬಿಟ್ಟು ಪಶ್ಚಿಮದ ಈ ಸೀಮೆಗೆ ಬಂದು ನೆಲೆಸಿದ ಪಾವ್ಲಾಕ್ ಮತ್ತು ಕಾರ್ಗುಲ್ ಎಂಬ ಎರಡು ಮನೆಗಳವರು ಹಳೆಯ ಹೊಲದ ಗಡಿಜಗಳವನ್ನೂ ಜೊತೆಗೇ ಹೊತ್ತು ತಂದು, ಹೊಸ ಊರಿನಲ್ಲೂ ಅಕ್ಕಪಕ್ಕದಲ್ಲೇ ಮನೆ ಹಿಡಿದು, ಬೇಲಿಯ ಎರಡು ಬದಿ ನಿಂತು ಕೂಗಾಡುತ್ತಾರೆ. ಮೂರು ಬೆರಳಗಲದ ಬದುವಿಗಾಗಿ ತಲೆಮಾರುಗಳ ಮುನಿಸು ಕಂಡ ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರೀಕರಣ ನಡೆದ ದೊಬ್ಝಿಕೊವಿತ್ಸೆ ಹಳ್ಳಿ ವ್ರೊತ್ಸ್ವಾಫ್‌ಗೆ ಬಹಳ ಹತ್ತಿರ. 1945ರವರೆಗೆ ಜರ್ಮನರ ಬ್ರೆಸ್ಲಾವ್ ಆಗಿದ್ದ ಈ ನಗರಕ್ಕೆ ಹೊರಗಿನಿಂದ ಬಂದು ಸೇರಿದವರ ಮಕ್ಕಳು ಮೊಮ್ಮಕ್ಕಳೇ ಈಗ ಊರಿನವರು. ನನ್ನ ಎದುರು ಮನೆಯವರ ತಂದೆತಾಯಿ ಈಗ ಉಕ್ರೇನಿಗೆ ಸೇರಿರುವ ಲ್ವುಫ್‌ನಿಂದ (ಲ್ವಿವ್) ಬಂದವರು. ಈ ಚಿತ್ರ ನೋಡುವಾಗ ಆ ಹಿರಿಯರು ಎಷ್ಟು ನಗುತ್ತಾರೋ ಅಷ್ಟೇ ಹೊತ್ತು ಆಮೇಲೆ ತಾಯಿ ಆಡುತ್ತಿದ್ದ ಪೂರ್ವದ ಮಾತಿನ ಧಾಟಿಯನ್ನು ನನಗೆ ಆಡಿ ತೋರಿಸುತ್ತಾರೆ. 2011ರ ‘ಲಿಸ್ತಿ ದೊ ಎಮ್’ ಎಂಬ ವಾರ್ಸಾದ ಪ್ರೇಮಹಾಸ್ಯವನ್ನು ಕಿರಿಯರು ಮೆಚ್ಚುತ್ತಾರೆ, ನನಗೂ ಬೇಸರವಿಲ್ಲ, ಆದರೆ ಇನ್ನೊಮ್ಮೆ ನೋಡುವ ಹಂಬಲ ಹುಟ್ಟಲಿಲ್ಲ.

2025ರಿಂದ ಡಿಸೆಂಬರ್ 24 ಇಲ್ಲಿ ಸರ್ಕಾರಿ ರಜೆಯಾಗಿದೆ. ಅಡುಗೆಗೆ ಇಡೀ ದಿನ ಸಿಕ್ಕಿದ್ದರಿಂದಲೂ, ಹಿರಿಯರಿಗೆ ಮಂಡಿನೋವು ಹೆಚ್ಚಾಗಿದ್ದರಿಂದಲೂ ಆ ವರ್ಷದ ವಿಗಿಲಿಯಾ ನಮ್ಮ ಮನೆಯಲ್ಲೇ ನಡೆಯಿತು. ಹನ್ನೆರಡರಲ್ಲಿ ಕೋಸಂಬರಿಯೂ ಗಸಗಸೆ ಪಾಯಸವೂ ಸೇರಿದವು, ಹೆಚ್ಚಿನ ತಟ್ಟೆಯನ್ನು ನಾನೇ ಇಟ್ಟೆ. ಎಂಟಕ್ಕೆ ಕೆವಿನ್ ಬಂದ. ತಾಯಿ ಕ್ರಿಸ್‌ಮಸ್ ಬೆಳಗ್ಗೆ ಮನೆಯ ಬಾಗಿಲು ತೆರೆದು ಮಗನ ಹೆಸರು ಕೂಗುವ ದೃಶ್ಯದಲ್ಲಿ ಎಂದಿನಂತೆ ಯಾರೂ ಮಾತಾಡಲಿಲ್ಲ. ಹನ್ನೊಂದೂವರೆಗೆ ಎಲ್ಲರೂ ಮಧ್ಯರಾತ್ರಿಯ ಪೂಜೆಗೆ ಚರ್ಚಿಗೆ ಹೊರಟ ಮೇಲೆ ನಾನು ಪಾತ್ರೆ ತೊಳೆಯುತ್ತಾ ನಿಂತೆ. ಹನ್ನೆರಡೂವರೆಗೆ ಫೋನ್ ಬಂತು. ಹಾಸನದಲ್ಲಿ ಆಗ ಬೆಳಗಿನ ಐದು ಗಂಟೆ, ಅಮ್ಮ ಎದ್ದು ದೇವರಿಗೆ ದೀಪ ಹಚ್ಚಿ ಕೂತಿದ್ದಳು. ಚಿತ್ರವನ್ನು ಅವಳು ಒಮ್ಮೆಯೂ ನೋಡಿಲ್ಲ, ವರ್ಷವರ್ಷವೂ ನಾನು ಹೇಳಿದ್ದನ್ನು ಕೇಳಿದ್ದಾಳೆ ಅಷ್ಟೆ. ಊಟ ಆಯಿತೇ ಎಂದು ಕೇಳುವುದಕ್ಕೂ ಮೊದಲು ಅವಳು ಕೇಳಿದ್ದು, “ಆ ಹುಡುಗನ ಅಮ್ಮ ಮನೆ ಸೇರಿದಳೇನೇ?”