ಇವನಿಗೆ ಇಷ್ಟೊಂದು ನೀರು ಯಾಕೆ ಬೇಕು?

ಮಕ್ಕಳ ಕಾರ್ಟೂನ್‌ಗಳಿಗೆ ಸ್ಕ್ರಿಪ್ಟ್ ಬರೆಯುವುದು ನನ್ನ ಕೆಲಸ. ಸೇರಿದ ಹೊಸತರಲ್ಲಿ ಒಬ್ಬ ವಿಲನ್ ಬೇಕು ಅಂದರು. ಊರಿನ ಕೆರೆಗಳ ನೀರನ್ನೆಲ್ಲ ಕದಿಯುವವನು. ಹುರುಪಿನಲ್ಲಿ ನಾಲ್ಕು ಪುಟ ಬರೆದೆ. ಅವನ ಪೈಪ್ ಎಷ್ಟು ಉದ್ದ, ಟ್ಯಾಂಕರ್ ಹೇಗೆ ಹಾರುತ್ತದೆ, ಗ್ಲೌಸ್‌ನಲ್ಲಿ ಎಷ್ಟು ಬಟನ್, ಎಲ್ಲಾ ಇತ್ತು. ನಮ್ಮ ಹೆಡ್ ರೈಟರ್ ಮೇಡಂ ಪೂರ್ತಿ ಓದಿ, "ಎಲ್ಲಾ ಸರಿ ರೀ, ಇವನಿಗೆ ಇಷ್ಟೊಂದು ನೀರು ಯಾಕೆ ಬೇಕು?" ಅಂದರು.

ವಿಲನ್ ಅಲ್ವಾ ಮೇಡಂ, ಕದೀತಾನೆ ಅಂದೆ. ಅವರು ನಗಲಿಲ್ಲ. ಮಿಸ್ಟರ್ ಫ್ರೀಜ್ ಕಥೆ ತಿಳಿದುಕೊಂಡು ಬನ್ನಿ ಅಂದರು.

ಈತ ಬ್ಯಾಟ್‌ಮ್ಯಾನ್ ಕಾಮಿಕ್ಸ್‌ಗೆ ಬಂದದ್ದು 1959ರಲ್ಲಿ. ಆಗ ಹೆಸರು ಮಿಸ್ಟರ್ ಝೀರೋ. ಹಿಮ ಉಗುಳುವ ಗನ್ ತಯಾರಿಸುವಾಗ ಅಪಘಾತವಾಗಿ, ಚಳಿಯಲ್ಲಿ ಮಾತ್ರ ಬದುಕಬಲ್ಲವನಾಗುತ್ತಾನೆ. ವಜ್ರ ಕದಿಯುತ್ತಾನೆ. ಕೊನೆಗೆ ಬಿಸಿ ಹಬೆ ತಾಗಿ ವಾಸಿಯಾಗುತ್ತಾನೆ. ಅಷ್ಟೆ ಕಥೆ. 1966ರ ಟಿವಿ ಸರಣಿ ಅವನಿಗೆ ಫ್ರೀಜ್ ಅಂತ ಹೆಸರಿಟ್ಟಿತು, ಒಬ್ಬರಾದ ಮೇಲೊಬ್ಬರಂತೆ ಮೂವರು ನಟರು ಆ ಪಾತ್ರ ಮಾಡಿದರು. ಆದರೂ ಅವನು ಐಸ್ ಗನ್ ಹಿಡಿದ ಇನ್ನೊಬ್ಬ ಕಳ್ಳನೇ. ನನ್ನ ಟ್ಯಾಂಕರ್ ಕಳ್ಳನ ದೊಡ್ಡಪ್ಪ ಅನ್ನಿ.

1992ರಲ್ಲಿ ಬ್ಯಾಟ್‌ಮ್ಯಾನ್ ಆ್ಯನಿಮೇಷನ್ ಸರಣಿಗೆ ಪಾಲ್ ಡಿನಿ 'ಹಾರ್ಟ್ ಆಫ್ ಐಸ್' ಎಂಬ ಕಂತು ಬರೆದರು. ನಿರ್ದೇಶನ ಬ್ರೂಸ್ ಟಿಮ್. ಇಲ್ಲಿ ಫ್ರೀಜ್ ಅಂದರೆ ವಿಕ್ಟರ್ ಫ್ರೈಸ್ ಎಂಬ ವಿಜ್ಞಾನಿ. ಹೆಂಡತಿ ನೋರಾಗೆ ವಾಸಿಯಾಗದ ಕಾಯಿಲೆ. ಔಷಧಿ ಸಿಗುವವರೆಗೆ ಅವಳನ್ನು ಹಿಮದಲ್ಲಿ ಮಲಗಿಸಿ ಕಾಪಾಡುತ್ತಿದ್ದಾನೆ. ಕಂಪನಿಯ ಯಜಮಾನ ಬಾಯ್ಲ್ ದುಡ್ಡು ದಂಡ ಅಂತ ಪ್ರಯೋಗ ನಿಲ್ಲಿಸಲು ಬರುತ್ತಾನೆ. ಜಟಾಪಟಿಯಲ್ಲಿ ಫ್ರೈಸ್ ರಾಸಾಯನಿಕಗಳ ಮೇಲೆ ಬೀಳುತ್ತಾನೆ. ಮುಂದೆ ಅದೇ ಬಾಯ್ಲ್‌ಗೆ ಮಾನವೀಯತೆಯ ಪ್ರಶಸ್ತಿ! ಬಜೆಟ್ ಇಲ್ಲ ಅನ್ನುವ ಮಾತನ್ನು ಆಫೀಸಿನಲ್ಲಿ ಒಮ್ಮೆಯಾದರೂ ಕೇಳಿದವರು ಫ್ರೀಜ್ ಕಡೆಗೇ ವಾಲುತ್ತಾರೆ.

ಈ ಕಂತಿಗೆ ಅಮೆರಿಕದ ಟಿವಿ ಪ್ರಶಸ್ತಿ ಡೇಟೈಮ್ ಎಮ್ಮಿ ಬಂತು. ಕಾಮಿಕ್ಸ್‌ನವರೂ ಈ ಹಿನ್ನೆಲೆಯನ್ನೇ ತೆಗೆದುಕೊಂಡರು.

ಸರಿ, ನಾನೂ ಕುಳಿತು ಆರು ಪುಟ ಅಳು ಬರೆದೆ. ನೀರುಗಳ್ಳನ ಬಾಲ್ಯ, ಬರಗಾಲ, ಸಾಲ, ಬತ್ತಿದ ಬಾವಿ, ಅವನದೇ ಬಾಯಲ್ಲಿ ಉದ್ದುದ್ದ ಭಾಷಣ. ಮೇಡಂ ಅದನ್ನೂ ವಾಪಸ್ ಕಳಿಸಿದರು. ಇದು ನನಗೆ ಜಾಸ್ತಿ ನೋವಾಯಿತು.

ಆಮೇಲೆ ಆ ಕಂತನ್ನು ಪೆನ್ನು ಹಿಡಿದು ಮತ್ತೆ ನೋಡಿದೆ. ಫ್ರೀಜ್ ತನ್ನ ಕಥೆಯನ್ನು ಎಲ್ಲಿಯೂ ಗೋಳು ತೋಡಿಕೊಂಡು ಹೇಳುವುದಿಲ್ಲ. ನಡೆದದ್ದನ್ನು ಬ್ಯಾಟ್‌ಮ್ಯಾನ್ ಒಂದು ಹಳೇ ವಿಡಿಯೊ ಟೇಪ್‌ನಲ್ಲಿ ನೋಡುತ್ತಾನೆ. ಫ್ರೀಜ್‌ಗೆ ದನಿ ಕೊಟ್ಟ ಮೈಕಲ್ ಅನ್ಸಾರಾ ಅವರ ಮಾತಿನಲ್ಲಿ ಏರಿಳಿತವೇ ಇಲ್ಲ. ದುಃಖವೆಲ್ಲ ಅವನ ಕೈಯಲ್ಲಿರುವ ಗಾಜಿನ ಗೋಲದಲ್ಲಿದೆ. ಒಳಗೆ ನರ್ತಿಸುವ ಪುಟ್ಟ ಗೊಂಬೆ, ಸುತ್ತ ಉದುರುವ ಹಿಮ. 1997ರ ಸಿನಿಮಾದಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಮಾಡಿದ ಫ್ರೀಜ್‌ಗೂ ಇದೇ ಹೆಂಡತಿ, ಇದೇ ಕಾಯಿಲೆ. ಆದರೆ ಮಾತುಮಾತಿಗೂ ಐಸ್ ಜೋಕು. ಕಣ್ಣು ಒದ್ದೆಯಾಗುವುದಿಲ್ಲ.

ಇನ್ನೊಂದು ಜಾಣ್ಮೆ ಹೇಳಲೇಬೇಕು. ಕಂತಿನ ನಡುವೆ ಬ್ಯಾಟ್‌ಮ್ಯಾನ್‌ಗೆ ನೆಗಡಿ. ಅವನ ಮನೆಯ ಬಟ್ಲರ್ ಆಲ್ಫ್ರೆಡ್ ಫ್ಲಾಸ್ಕ್‌ನಲ್ಲಿ ಚಿಕನ್ ಸೂಪ್ ಕೊಟ್ಟು ಕಳಿಸುತ್ತಾನೆ. ಸುಮ್ನೆ ತಮಾಷೆಗೆ ಅಂದುಕೊಂಡಿದ್ದೆ. ಕೊನೆಯಲ್ಲಿ ಫ್ರೀಜ್‌ನ ಗಾಜಿನ ಹೆಲ್ಮೆಟ್ ಬಿರುಕು ಬಿಡುವುದು ಆ ಬಿಸಿ ಸೂಪಿನಿಂದಲೇ. ನಮ್ಮಲ್ಲಾದರೆ ಮೆಣಸಿನ ಸಾರು ಸಾಕಿತ್ತು.

ಮೂರನೇ ಡ್ರಾಫ್ಟ್‌ನಲ್ಲಿ ಭಾಷಣ ಪೂರ್ತಿ ಹೋಯಿತು. ಹಾರುವ ಟ್ಯಾಂಕರ್ ಉಳಿಯಿತು. ಡ್ರೈವರ್ ಸೀಟಿನ ಪಕ್ಕ ಒಂದು ಖಾಲಿ ಬಿಂದಿಗೆ ಬಂತು. ಅದರ ಬಗ್ಗೆ ಅವನು ಏನೂ ಹೇಳುವುದಿಲ್ಲ, ಆದರೆ ತಿರುವು ಬಂದಾಗಲೆಲ್ಲ ಅದು ಉರುಳದಂತೆ ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ.

ಮೇಡಂ ಪಕ್ಕದಲ್ಲಿ ಬರೆದದ್ದು ಇಷ್ಟೇ: "ಬಿಂದಿಗೆ ತಾಮ್ರದ್ದಾ, ಪ್ಲಾಸ್ಟಿಕ್‌ದಾ? ಆರ್ಟ್ ಟೀಮ್ ಕೇಳ್ತಿದ್ದಾರೆ."